ಗಿರಣಿಗಳ ಪಾಳಿನ ನಡುವೆ: ಜಲಪಾತದ ದಡದಲ್ಲೊಂದು ಭೌತವಿಜ್ಞಾನದ ಪಾಠ

ನಗರದ ಉದ್ಯಾನವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಹೂವಿನ ಪಾತಿಗಳು, ಹುಲ್ಲುಹಾಸು, ಕಾರಂಜಿ, ಮರದ ನೆರಳಿನ ಕಲ್ಲುಬೆಂಚುಗಳು. ಅಮೆರಿಕ ಸಂಯುಕ್ತ ಸಂಸ್ಥಾನದ ಮಿನಿಯಾಪೊಲಿಸ್ ನಗರದಲ್ಲಿ, ಮಿಸಿಸಿಪ್ಪಿ ನದಿಯ ದಡದಲ್ಲಿ, ಇದಕ್ಕಿಂತ ಬೇರೆ ಬಗೆಯ ಉದ್ಯಾನವೊಂದಿದೆ. ಅಲ್ಲಿ ನೋಡುವವರಿಗೆ ಮೊದಲು ಕಾಣುವುದು ಬಿದ್ದುಹೋದ ಕಟ್ಟಡಗಳ ಕಲ್ಲುಗೋಡೆಗಳು, ನೆಲದಡಿಯಿಂದ ಹೊರಬರುವ ಕಮಾನು ಬಾಯಿಯ ಹಳೆಯ ಕಾಲುವೆಗಳು. ಇದರ ಹೆಸರು 'ಮಿಲ್ ರೂಯಿನ್ಸ್ ಪಾರ್ಕ್', ಎಂದರೆ ಗಿರಣಿಗಳ ಪಾಳಿನ ಉದ್ಯಾನ. ಬಹುಕಾಲ ಮಣ್ಣಿನಡಿಯಲ್ಲಿ ಹೂತುಹೋಗಿದ್ದ ಈ ಅವಶೇಷಗಳನ್ನು ಅಗೆದು ತೆಗೆದು, ೨೦೦೧ರಲ್ಲಿ ಸಾರ್ವಜನಿಕರ ನೋಟಕ್ಕೆ ಒದಗಿಸಲಾಯಿತು.

ಉದ್ಯಾನದಿಂದ ಹೊರಟು, ಕಲ್ಲಿನ ಸೇತುವೆಯೊಂದರ ಮೇಲೆ ನದಿಯನ್ನು ದಾಟಿ, ಎದುರು ದಡದ ದ್ವೀಪಗಳನ್ನು ನೋಡಿಕೊಂಡು, ಇನ್ನೊಂದು ಸೇತುವೆಯಿಂದ ಹಿಂದಿರುಗುವ ಕಾಲುದಾರಿ ಸುಮಾರು ೩ ಕಿಲೋಮೀಟರ್ ಉದ್ದವಾಗಿದೆ. ನಿಧಾನವಾಗಿ ನಡೆದರೂ ಅರ್ಧ ದಿನಕ್ಕೆ ಮುಗಿಯುವ ಸಂಚಾರ. ಆದರೆ ಈ ದಾರಿಯ ಒಂದೊಂದು ನಿಲುಗಡೆಯೂ ಒಂದೊಂದು ಪ್ರಶ್ನೆಯನ್ನು ಕೇಳುತ್ತದೆ, ಮತ್ತು ಆ ಪ್ರಶ್ನೆಗಳ ಉತ್ತರ ನಮ್ಮ ಪ್ರೌಢಶಾಲೆಯ ಭೌತವಿಜ್ಞಾನದ ಪುಸ್ತಕದಲ್ಲಿಯೇ ಇದೆ. ಬೀಳುವ ನೀರಿನ ಶಕ್ತಿಯನ್ನು ಬಲ್ಲವರು ಆ ನೀರನ್ನು ಹೊತ್ತ ಬಂಡೆಯನ್ನೂ, ಆ ಶಕ್ತಿಯಿಂದ ಬೀಸಿದ ಹಿಟ್ಟಿನ ಧೂಳನ್ನೂ ಸಾಕಷ್ಟು ಅರಿಯದೆ ಹೋದರೆ ಏನಾಗುವುದೆಂಬುದೇ ಈ ನಡಿಗೆಯ ಪಾಠ.

ಹಿಂದಕ್ಕೆ ನಡೆಯುವ ಜಲಪಾತ

ಮೊದಲು ಜಲಪಾತದ ಚರಿತ್ರೆಯನ್ನು ತಿಳಿಯಬೇಕು. ಮಿಸಿಸಿಪ್ಪಿ ನದಿಯ ಸಮಸ್ತ ಹರಿವಿನಲ್ಲಿ ದೊಡ್ಡದೆನ್ನಬಹುದಾದ ಸಹಜ ಜಲಪಾತ ಇದೊಂದೇ. ಈ ನಾಡಿನ ಮೂಲನಿವಾಸಿಗಳಾದ ಡಕೋಟ ಜನರು ಇದನ್ನು 'ಒವಾಮ್ನಿಯೋಮ್ನಿ' ಎಂದು ಕರೆದರು. ಸುಳಿಸುಳಿದು ಹರಿಯುವ ನೀರೆಂದು ಅದರ ಭಾವ. ೧೬೮೦ರಲ್ಲಿ ಇಲ್ಲಿಗೆ ಬಂದ ಲೂಯಿ ಹೆನ್ನೆಪಿನ್ ಎಂಬ ಕ್ರೈಸ್ತ ಪಾದ್ರಿಯು ತನ್ನ ಮತದ ಸಂತನ ಹೆಸರಿನಿಂದ ಇದನ್ನು ಸೇಂಟ್ ಆಂಟನಿ ಜಲಪಾತವೆಂದು ಕರೆದನು. ನಗರದ ಹೆಸರೂ ನೀರಿನಿಂದಲೇ ಬಂದುದು: ಡಕೋಟ ಭಾಷೆಯ 'ಮ್ನಿ' ಎಂದರೆ ನೀರು, ಗ್ರೀಕ್ ಭಾಷೆಯ 'ಪೊಲಿಸ್' ಎಂದರೆ ಪಟ್ಟಣ.

ಹೆನ್ನೆಪಿನ್ ಕಂಡ ಜಲಪಾತ ಇಂದಿನ ಸ್ಥಳದಲ್ಲಿರಲಿಲ್ಲ. ಇನ್ನೂ ಕೆಳಗೆ, ನದಿ ಹರಿದುಹೋಗುವ ದಿಕ್ಕಿನಲ್ಲಿತ್ತು. ಇದಕ್ಕೆ ಕಾರಣ ನದೀತಳದ ರಚನೆ. ಮೇಲೆ ಸುಣ್ಣಕಲ್ಲಿನ ಗಟ್ಟಿಯಾದ ಹಾಸು. ಅದರ ಕೆಳಗೆ ಬೆರಳಿನಿಂದ ಉಜ್ಜಿದರೂ ಉದುರುವಷ್ಟು ಮೃದುವಾದ ಮರಳುಗಲ್ಲು. ಅಂಚಿನಿಂದ ಬಿದ್ದ ನೀರು ಕೆಳಗೆ ಸುಳಿದು ಮರಳುಗಲ್ಲನ್ನು ಕೊರೆಯುತ್ತದೆ. ಆಧಾರ ತಪ್ಪಿದ ಸುಣ್ಣಕಲ್ಲು ಕೆಲವು ಕಾಲ ಮಾಳಿಗೆಯ ಚಾಚುಹಲಗೆಯಂತೆ ಹೊರಕ್ಕೆ ಚಾಚಿಕೊಂಡಿದ್ದು, ಕೊನೆಗೆ ತನ್ನ ಭಾರದಿಂದ ತಾನೇ ಮುರಿದು ಬೀಳುತ್ತದೆ. ಆಗ ಜಲಪಾತವು ಅಷ್ಟು ದೂರ ಹಿಂದಕ್ಕೆ, ನದಿ ಬರುವ ದಿಕ್ಕಿಗೆ, ಸರಿದಂತಾಯಿತು.

ಮಿನ್ನೆಸೋಟ ರಾಜ್ಯದ ಭೂವಿಜ್ಞಾನಿ ನ್ಯೂಟನ್ ಹೊರೇಸ್ ವಿಂಚೆಲ್ ಅವರು ೧೯ನೆಯ ಶತಮಾನದಲ್ಲಿ ಈ ಸರಿತವನ್ನು ಗಡಿಯಾರವನ್ನಾಗಿ ಮಾಡಿಕೊಂಡರು. ಹೆನ್ನೆಪಿನ್ ಮತ್ತು ೧೭೬೬ರಲ್ಲಿ ಬಂದ ಜೊನಾಥನ್ ಕಾರ್ವರ್ ಎಂಬ ಪ್ರವಾಸಿಯ ವರ್ಣನೆಗಳನ್ನು ತಮ್ಮ ಕಾಲದ ಮೋಜಣಿಯೊಡನೆ ಹೋಲಿಸಿ, ಜಲಪಾತವು ವರ್ಷಕ್ಕೆ ಸುಮಾರು ೫ ಅಡಿ ಹಿಂದೆ ಸರಿಯುತ್ತದೆಂದು ಎಣಿಸಿದರು. ಮಿನ್ನೆಸೋಟ ನದಿ ಬಂದು ಸೇರುವ ಫೋರ್ಟ್ ಸ್ನೆಲಿಂಗ್ ಎಂಬಲ್ಲಿಂದ ಜಲಪಾತದವರೆಗಿನ ದೂರ ಸುಮಾರು ೮ ಮೈಲಿ, ಎಂದರೆ ೪೨,೦೦೦ ಅಡಿ. ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ದೊರೆಯುತ್ತದೆ. ಇಲ್ಲಿ ೮,೦೦೦ ವರ್ಷಗಳಿಗೆ ತುಸು ಹೆಚ್ಚು. ವಿಂಚೆಲ್ ಅವರು ಕೊಟ್ಟ ಉತ್ತರವೂ ಸುಮಾರು ೮,೦೦೦ ವರ್ಷಗಳೇ ಆಗಿತ್ತು. ವಿಕಿರಣ ಪದಾರ್ಥಗಳಿಂದ ಕಾಲವನ್ನು ಅಳೆಯುವ ವಿಧಾನ ಇನ್ನೂ ಹುಟ್ಟಿರದಿದ್ದ ದಿನಗಳಲ್ಲಿ, ಹಿಮಯುಗ ಮುಗಿದು ಎಷ್ಟು ಕಾಲವಾಯಿತೆಂಬುದಕ್ಕೆ ಭಾಗಾಕಾರದ ಒಂದು ಲೆಕ್ಕ ಇಷ್ಟು ಹತ್ತಿರದ ಉತ್ತರವನ್ನು ಕೊಟ್ಟಿತೆಂಬುದು ಗಮನಿಸತಕ್ಕ ಸಂಗತಿ. ಜಲಪಾತವು ಅಲ್ಲಿಂದ ಹೊರಟು ಸುಮಾರು ೧೦,೦೦೦ ವರ್ಷಗಳಾದುವೆಂಬುದು ಇಂದಿನ ಅಭಿಪ್ರಾಯ.

ಈ ಲೆಕ್ಕದಲ್ಲಿಯೇ ಒಂದು ಅಪಾಯದ ಸೂಚನೆಯೂ ಅಡಗಿದೆ. ಸುಣ್ಣಕಲ್ಲಿನ ಹಾಸು ಮೇಲುಗಡೆಗೆ ಹೋದಂತೆಲ್ಲ ತೆಳುವಾಗುತ್ತ, ಇಂದಿನ ಜಲಪಾತದಿಂದ ಸ್ವಲ್ಪ ದೂರದಲ್ಲಿಯೇ ಮುಗಿದುಹೋಗುತ್ತದೆ. ಹಾಸಿನ ತುದಿಯನ್ನು ತಲುಪಿದ ಮೇಲೆ ಜಲಪಾತ ಇರುವುದಿಲ್ಲ. ಕಲ್ಲುಗಳ ನಡುವೆ ಇಳಿದು ಹರಿಯುವ ಒರಟು ಪ್ರವಾಹವೊಂದು ಮಾತ್ರ ಉಳಿಯುತ್ತದೆ.

ಅಳೆದು ಮಾರಿದ ನೀರು

ಈಗ ಉದ್ಯಾನದೊಳಕ್ಕೆ ಇಳಿಯೋಣ. ಇಲ್ಲಿ ಕಾಣುವ ಕಮಾನು ಬಾಯಿಗಳೆಲ್ಲ ಗಿರಣಿಗಳು ಬಳಸಿಬಿಟ್ಟ ನೀರು ನದಿಗೆ ಮರಳುತ್ತಿದ್ದ ದ್ವಾರಗಳು. ೧೮೫೭ರಿಂದ ಮುಂದಕ್ಕೆ ಪಶ್ಚಿಮ ದಡದಲ್ಲಿ, ಜಲಪಾತದ ಮೇಲುಗಡೆಯಿಂದ ನೀರನ್ನು ಬೇರ್ಪಡಿಸಿ, ನದಿಗೆ ಸಮಾಂತರವಾಗಿ ಒಂದು ಕಾಲುವೆಯನ್ನು ತೋಡಲಾಯಿತು. ಅದರ ಇಕ್ಕೆಲಗಳಲ್ಲಿ ಗಿರಣಿಗಳು ಸಾಲಾಗಿ ನಿಂತವು. ಪ್ರತಿ ಗಿರಣಿಯ ಕೆಳಗೂ ಆಳವಾದ ಒಂದು ಬಾವಿ. ಬಾವಿಯ ತಳದಲ್ಲಿ ಟರ್ಬೈನು. ಕಾಲುವೆಯ ನೀರು ಬಾವಿಗೆ ಧುಮುಕಿ, ಟರ್ಬೈನನ್ನು ತಿರುಗಿಸಿ, ನೆಲದಡಿಯ ದಾರಿಯಿಂದ ಜಲಪಾತದ ಕೆಳಗಿನ ನದಿಯನ್ನು ಸೇರುತ್ತಿತ್ತು. ಟರ್ಬೈನಿನ ತಿರುಗಾಟ ಹಲ್ಲಿನ ಗಾಲಿ, ದಂಡ, ಪಟ್ಟಿಗಳ ಮೂಲಕ ಮೇಲಿನ ಅಂತಸ್ತುಗಳ ಬೀಸುವ ಕಲ್ಲುಗಳಿಗೆ ಮುಟ್ಟುತ್ತಿತ್ತು.

ಕಾಲುವೆಯ ಒಡೆಯರು ಮಾರುತ್ತಿದ್ದುದು ಕೇವಲ ನೀರನ್ನಲ್ಲ, ನೀರಿನ ಬೀಳುವಿಕೆಯನ್ನು. ಅದಕ್ಕೆ ಅವರು ಇಟ್ಟುಕೊಂಡಿದ್ದ ಮಾನ 'ಮಿಲ್ ಪವರ್': ಸೆಕೆಂಡಿಗೆ ೩೦ ಘನ ಅಡಿ ನೀರು ೨೨ ಅಡಿ ಇಳಿಯುವುದು ಒಂದು ಮಾನ. ಇದರ ಸಾಮರ್ಥ್ಯವೆಷ್ಟು? ಒಂದು ಘನ ಅಡಿ ನೀರಿನ ತೂಕ ಸುಮಾರು ೬೨.೪ ಪೌಂಡು. ಆದುದರಿಂದ ಸೆಕೆಂಡಿಗೆ ಬೀಳುವ ನೀರಿನ ತೂಕ ೧,೮೭೨ ಪೌಂಡು. ಇದನ್ನು ೨೨ ಅಡಿಯಿಂದ ಗುಣಿಸಿದರೆ ಸೆಕೆಂಡಿಗೆ ೪೧,೧೮೪ ಅಡಿ-ಪೌಂಡು ಕೆಲಸ. ಒಂದು ಅಶ್ವಶಕ್ತಿಯೆಂದರೆ ಸೆಕೆಂಡಿಗೆ ೫೫೦ ಅಡಿ-ಪೌಂಡು. ಭಾಗಿಸಿದರೆ ೭೫ ಅಶ್ವಶಕ್ತಿ ದೊರೆಯುತ್ತದೆ. ಚಕ್ರದಲ್ಲಿ, ಬೇರಿಂಗುಗಳಲ್ಲಿ, ಪಟ್ಟಿಗಳಲ್ಲಿ ಘರ್ಷಣೆಯಿಂದ ನಷ್ಟವಾಗುವ ಭಾಗವನ್ನು ಇದರಿಂದ ಕಳೆಯಬೇಕು.

ಈ ಲೆಕ್ಕದಲ್ಲಿ ಎರಡು ಅಂಶಗಳಿವೆಯೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು: ನೀರಿನ ಮೊತ್ತ ಮತ್ತು ಅದು ಇಳಿಯುವ ಎತ್ತರ. ಮೈದಾನದಲ್ಲಿ ಮಂದವಾಗಿ ಹರಿಯುವ ಮಹಾನದಿಯಲ್ಲಿ ನೀರಿಗೇನೂ ಕೊರತೆಯಿಲ್ಲ. ಆದರೆ ಇಳಿತವು ನೂರಾರು ಮೈಲಿಗಳ ಮೇಲೆ ಹರಡಿಹೋಗಿರುತ್ತದೆ. ಜಲಪಾತವು ಆ ಇಳಿತವನ್ನು ಒಂದೇ ಸ್ಥಳದಲ್ಲಿ ಕೂಡಿಸಿಕೊಡುತ್ತದೆ. ಮಿನಿಯಾಪೊಲಿಸ್ ನಗರವು ೧೮೮೦ರಿಂದ ೧೯೩೦ರವರೆಗೆ ಹಿಟ್ಟು ಬೀಸುವುದರಲ್ಲಿ ಆ ದೇಶಕ್ಕೆಲ್ಲ ಅಗ್ರಸ್ಥಾನದಲ್ಲಿದ್ದುದಕ್ಕೆ ಸುತ್ತಣ ಗೋಧಿಯ ಹೊಲಗಳೂ ರೈಲುದಾರಿಗಳೂ ಕಾರಣವಾದಂತೆ, ಈ ಕೂಡಿಬಂದ ಇಳಿತವೂ ಕಾರಣವಾಯಿತು.

ಹಿಟ್ಟು ಸಿಡಿದ ಸಂಜೆ

ಉದ್ಯಾನದ ಮೇಲಣ ದಿಣ್ಣೆಯಲ್ಲಿ ಮಾಡು ಹೋದ ಎತ್ತರದ ಗೋಡೆಗಳ ಒಂದು ಕಟ್ಟಡ ನಿಂತಿದೆ. ಅದು ವಾಷ್‌ಬರ್ನ್ 'ಎ' ಗಿರಣಿ. ೧೯೬೫ರಲ್ಲಿ ಅದರ ಕೆಲಸ ನಿಂತಿತು; ೧೯೯೧ರಲ್ಲಿ ಬೆಂಕಿಗೆ ತುತ್ತಾಯಿತು; ಉಳಿದ ಗೋಡೆಗಳೊಳಗೆ ೨೦೦೩ರಲ್ಲಿ ವಸ್ತುಸಂಗ್ರಹಾಲಯವೊಂದು ಪ್ರಾರಂಭವಾಯಿತು. ಆದರೆ ಇದು ಆ ಸ್ಥಳದ ಎರಡನೆಯ ಗಿರಣಿ. ಮೊದಲನೆಯದನ್ನು ಕಟ್ಟಿದುದು ೧೮೭೪ರಲ್ಲಿ. ೧೮೭೮ರ ಮೇ ೨ರ ಸಂಜೆ ಅದು ಸಿಡಿದು ನೆಲಸಮವಾಯಿತು. ಒಳಗಿದ್ದ ೧೪ ಕೆಲಸಗಾರರೂ ನೆರೆಯ ಗಿರಣಿಗಳ ೪ ಮಂದಿಯೂ ಸತ್ತರು.

ಅಲ್ಲಿ ಸಿಡಿಮದ್ದೇನೂ ಇರಲಿಲ್ಲ. ಸಿಡಿದುದು ಗೋಧಿಹಿಟ್ಟು. ನಾವು ದಿನವೂ ಕಲಸಿ ತಿನ್ನುವ ಹಿಟ್ಟು ಸಿಡಿಯುವುದೆಂದರೇನು? ಪಾತ್ರೆಯಲ್ಲಿ ಗುಡ್ಡೆಯಾಗಿರುವ ಹಿಟ್ಟಿಗೆ ಕಡ್ಡಿ ಗೀರಿ ಹಿಡಿದರೆ ಮೇಲಿನ ಪದರ ಸೀಯುತ್ತದೆ, ಅಷ್ಟೆ. ಒಳಗಿನ ಕಣಗಳಿಗೆ ಗಾಳಿ ಸಿಕ್ಕುವುದಿಲ್ಲ. ಅದೇ ಹಿಟ್ಟು ಗಾಳಿಯಲ್ಲಿ ಧೂಳಾಗಿ ತೇಲುತ್ತಿದ್ದರೆ ಸಂಗತಿ ಬೇರೆ. ಒಂದು ಸೆಂಟಿಮೀಟರ್ ಅಳತೆಯ ಘನವೊಂದರ ಮೇಲ್ಮೈ ೬ ಚದರ ಸೆಂಟಿಮೀಟರ್. ಅದನ್ನು ಸೆಂಟಿಮೀಟರಿನ ನೂರನೆಯ ಒಂದು ಭಾಗದಷ್ಟು ಚಿಕ್ಕ ಘನಗಳಾಗಿ ಕತ್ತರಿಸಿದರೆ ೧೦ ಲಕ್ಷ ಕಣಗಳಾಗುತ್ತವೆ. ಅವುಗಳ ಒಟ್ಟು ಮೇಲ್ಮೈ ೬೦೦ ಚದರ ಸೆಂಟಿಮೀಟರ್. ಪದಾರ್ಥ ಅಷ್ಟೇ, ಗಾಳಿಗೆ ತಾಗುವ ಮುಖ ಮಾತ್ರ ನೂರ್ಮಡಿ. ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು ೫೦ ಗ್ರಾಂ ಹಿಟ್ಟಿನ ಧೂಳು ತೇಲುತ್ತಿದ್ದರೆ ಒಂದು ಕಿಡಿ ಸಾಕು. ಒಂದು ಕಣದ ಉರಿ ಪಕ್ಕದ ಕಣಕ್ಕೆ ಹತ್ತಿ, ಜ್ವಾಲೆ ಕ್ಷಣದಲ್ಲಿ ಕೋಣೆಯನ್ನೆಲ್ಲ ಆವರಿಸುತ್ತದೆ. ಕಾದ ಅನಿಲಗಳು ಹಿಗ್ಗಲು ಎಡೆಯಿಲ್ಲದೆ ಗೋಡೆಗಳನ್ನು ಹೊರಕ್ಕೆ ನೂಕುತ್ತವೆ.

ವಾಷ್‌ಬರ್ನ್ ಗಿರಣಿಯಲ್ಲಿ ಇದಕ್ಕೆ ಬೇಕಾದ ಸಿದ್ಧತೆಯೆಲ್ಲ ಯಂತ್ರಗಳಿಂದಲೇ ಆಗಿತ್ತು. ತವುಡನ್ನು ರವೆಯಿಂದ ಬೇರ್ಪಡಿಸಲು ಜರಡಿಗಳ ಮೂಲಕ ಗಾಳಿ ಊದುವ ಹೊಸ ಯಂತ್ರ ಕೆಲವೇ ವರ್ಷಗಳ ಹಿಂದೆ ಬಳಕೆಗೆ ಬಂದಿತ್ತು. ಅದರಿಂದ ಬಿಳಿಯ ಹಿಟ್ಟು ದೊರೆಯಿತು, ಧೂಳೂ ಹೆಚ್ಚಿತು. ಕಾಳು ಮುಗಿದು ಬರಿದೇ ತಿರುಗಿದ ಬೀಸುಗಲ್ಲುಗಳು ಒಂದಕ್ಕೊಂದು ಉಜ್ಜಿ ಕಿಡಿ ಹಾರಿಸಿದುವೆಂದು ವಿಚಾರಣೆಯಲ್ಲಿ ನಿರ್ಣಯವಾಯಿತು. ಮಿನ್ನೆಸೋಟ ವಿಶ್ವವಿದ್ಯಾನಿಲಯದ ಅಧ್ಯಾಪಕರಾದ ಪೆಕ್ ಮತ್ತು ಪೆಕಮ್ ಎಂಬುವರು ಪ್ರಯೋಗಗಳನ್ನು ನಡೆಸಿ, ಗಾಳಿಯಲ್ಲಿ ಹರಡಿದ ಹಿಟ್ಟು ನಿಜವಾಗಿಯೂ ಸಿಡಿಯುವುದೆಂದು ತೋರಿಸಿಕೊಟ್ಟರು. ೧೮೮೦ರಲ್ಲಿ ಸಿದ್ಧವಾದ ಹೊಸ ಗಿರಣಿಯಲ್ಲಿ, ಆಸ್ಟ್ರಿಯಾ ಮೂಲದ ಎಂಜಿನಿಯರ್ ವಿಲಿಯಂ ಡಿ ಲಾ ಬಾರ್ ಅವರ ನೇತೃತ್ವದಲ್ಲಿ, ಧೂಳನ್ನು ಹೀರಿ ತೆಗೆಯುವ ಏರ್ಪಾಡನ್ನು ಅಳವಡಿಸಲಾಯಿತು. ಬೀಸುಗಲ್ಲುಗಳ ಬದಲು ಉಕ್ಕಿನ ಉರುಳೆಗಳು ಬಂದವು. ನಮ್ಮ ಬೀದಿಯ ಹಿಟ್ಟಿನ ಗಿರಣಿಯಲ್ಲಿ ಗೋಡೆ, ದೀಪ, ಕೆಲಸಗಾರನ ಹುಬ್ಬುಗಳ ಮೇಲೆಲ್ಲ ಕೂಡುವ ಬಿಳಿಯ ಧೂಳೂ ಇದೇ ಜಾತಿಯದು. ಅದನ್ನು ಗುಡಿಸಿ ತೆಗೆಯುವುದು ಕೇವಲ ಅಂದಕ್ಕಾಗಿ ಅಲ್ಲ. ಈ ಪ್ರಯೋಗವನ್ನು ವಿದ್ಯಾರ್ಥಿಗಳು ಮನೆಯಲ್ಲಿ ಎಂದಿಗೂ ಮಾಡಿ ನೋಡಬಾರದು.

ಸೇತುವೆಯ ಮೇಲಿನಿಂದ

ಉದ್ಯಾನದ ಅಂಚಿನಿಂದ ಹೊರಡುವ ಕಲ್ಲುಕಮಾನಿನ ಸೇತುವೆಯನ್ನು ರೈಲುಗಾಡಿಗಳಿಗಾಗಿ ೧೮೮೩ರಲ್ಲಿ ಕಟ್ಟಿದರು. ಇದರ ಉದ್ದ ಸುಮಾರು ೨,೧೦೦ ಅಡಿ. ಕಲ್ಲನ್ನು ಎಳೆದರೆ ಬೇಗ ಮುರಿಯುತ್ತದೆ, ಅದುಮಿದರೆ ಬಹಳ ತಡೆಯುತ್ತದೆ. ಕಮಾನಿನಲ್ಲಿ ಮೇಲಿನ ಭಾರವು ಒಂದು ಕಲ್ಲಿನಿಂದ ಪಕ್ಕದ ಕಲ್ಲಿಗೆ ಅದುಮಿಕೆಯಾಗಿಯೇ ಸಾಗಿ ಕಂಬಗಳನ್ನು ಸೇರುತ್ತದೆ. ರೈಲುಗಳ ಭಾರವನ್ನು ಈ ಸೇತುವೆ ತಡೆದುದರ ಗುಟ್ಟು ಇದೇ. ೧೯೯೪ರಿಂದ ಇದು ನಡೆಯುವವರಿಗೂ ಸೈಕಲ್ ಸವಾರರಿಗೂ ಮೀಸಲಾಗಿದೆ. ಹಡಗುಗಳು ಹಾಯಲೆಂದು ಒಂದು ಕಡೆ ಎರಡು ಕಮಾನುಗಳನ್ನು ತೆಗೆದು ಉಕ್ಕಿನ ತೊಲೆಗಳನ್ನು ಇಟ್ಟಿರುವುದನ್ನು ಕಾಣಬಹುದು. ಅದರ ಬಳಿಯೇ ಹಡಗುಗಳನ್ನು ೪೯ ಅಡಿ ಏರಿಸಿ ಇಳಿಸುತ್ತಿದ್ದ ನೀರಿನ ಕಟ್ಟೆಕೋಣೆ ಇದೆ. ೧೯೬೩ರಲ್ಲಿ ತೆರೆದ ಇದನ್ನು, ಹೊರನಾಡಿನ ಮೀನುಗಳು ಮೇಲಿನ ನದಿಗೆ ನುಗ್ಗದಂತೆ ತಡೆಯಲು ೨೦೧೫ರಲ್ಲಿ ಹಡಗುಗಳಿಗೆ ಮುಚ್ಚಲಾಯಿತು. ಡಕೋಟ ಜನರಿಗೆ ಪವಿತ್ರವಾಗಿದ್ದ ಸುಣ್ಣಕಲ್ಲಿನ ಪುಟ್ಟ ದ್ವೀಪವೊಂದು ಜಲಪಾತದ ಕೆಳಗೆ ಇತ್ತು. ಮೊದಲು ಕಟ್ಟಡದ ಕಲ್ಲಿಗಾಗಿ ಅದನ್ನು ಒಡೆದರು, ಕಟ್ಟೆಕೋಣೆಯ ಕಾಲಕ್ಕೆ ಅದರ ಶೇಷವೂ ಹೋಯಿತು.

ಸೇತುವೆಯ ನಡುವೆ ನಿಂತು ಮೇಲುಗಡೆಗೆ ನೋಡಿದರೆ ಜಲಪಾತವೇ ಎದುರಿಗಿದೆ. ಆದರೆ ನೀರು ಬೀಳುತ್ತಿರುವುದು ಬಂಡೆಯ ಮೇಲಿನಿಂದಲ್ಲ. ಸಮನಾಗಿ ಇಳಿಜಾರು ಮಾಡಿದ ಕಾಂಕ್ರೀಟಿನ ಹಾಸಿನ ಮೇಲೆ. ಜಲಪಾತಕ್ಕೆ ಕಾಂಕ್ರೀಟಿನ ಕವಚವೇಕೆ? ಇದರ ಉತ್ತರಕ್ಕಾಗಿ ಎದುರು ದಡದ ಹೆನ್ನೆಪಿನ್ ದ್ವೀಪಕ್ಕೆ ನಡೆಯಬೇಕು, ಮತ್ತು ಗಿರಣಿ ಸಿಡಿದ ವರ್ಷಕ್ಕಿಂತ ೯ ವರ್ಷ ಹಿಂದಕ್ಕೆ ಹೋಗಬೇಕು.

ಸುರಂಗ

ಹೆನ್ನೆಪಿನ್ ದ್ವೀಪದ ಮೇಲುಗಡೆ ನಿಕೊಲೆಟ್ ದ್ವೀಪವಿದೆ. ಅದು ಜಲಪಾತಕ್ಕಿಂತ ಮೇಲಿರುವುದರಿಂದ ಅಲ್ಲಿ ನೀರಿದ್ದರೂ ಇಳಿತವಿಲ್ಲ. ವಿಲಿಯಂ ಈಸ್ಟ್‌ಮನ್ ಎಂಬ ಉದ್ಯಮಿ ಮತ್ತು ಅವನ ಪಾಲುದಾರರು ಇದಕ್ಕೊಂದು ಉಪಾಯ ಹೂಡಿದರು. ಜಲಪಾತದ ಕೆಳಗಿನಿಂದ ಸುಣ್ಣಕಲ್ಲಿನ ಅಡಿಯಲ್ಲಿಯೇ ನಿಕೊಲೆಟ್ ದ್ವೀಪದವರೆಗೆ ಸುಮಾರು ೨,೦೦೦ ಅಡಿ ಸುರಂಗ ಕೊರೆದರೆ, ದ್ವೀಪದಲ್ಲಿ ನೀರನ್ನು ಬಾವಿಗೆ ಬೀಳಿಸಿ, ಚಕ್ರ ತಿರುಗಿಸಿ, ಸುರಂಗದ ಮೂಲಕ ಕೆಳಗಿನ ನದಿಗೆ ಬಿಡಬಹುದು. ಲೆಕ್ಕದ ದೃಷ್ಟಿಯಿಂದ ಇದರಲ್ಲಿ ತಪ್ಪೇನೂ ಇರಲಿಲ್ಲ. ಮರಳುಗಲ್ಲು ಮೃದುವಾದುದರಿಂದ ಕೊರೆಯುವುದೂ ಸುಲಭವಾಗಿತ್ತು. ೧೮೬೮ರಲ್ಲಿ ಕೆಲಸ ಮೊದಲಾಯಿತು.

ಕೊರೆಯುವವನಿಗೆ ಸುಲಭವಾದ ಕಲ್ಲು ನೀರಿಗೂ ಸುಲಭವೇ. ೧೮೬೯ರ ಅಕ್ಟೋಬರ್ ತಿಂಗಳ ಮೊದಲಲ್ಲಿ, ಮೇಲಿನ ನದಿಯ ನೀರು ಸುಣ್ಣಕಲ್ಲು ಮತ್ತು ಮರಳುಗಲ್ಲುಗಳ ಸಂದಿಯಲ್ಲಿ ಜಿನುಗಿ ಸುರಂಗಕ್ಕೆ ಇಳಿಯಿತು. ಜಿನುಗು ಹರಿವಾಯಿತು, ಹರಿವು ಮರಳನ್ನು ಕೊಚ್ಚಿಕೊಂಡು ಹೋಯಿತು, ದಾರಿ ಅಗಲವಾದಷ್ಟೂ ನೀರು ಹೆಚ್ಚಿತು, ನೀರು ಹೆಚ್ಚಿದಷ್ಟೂ ದಾರಿ ಅಗಲವಾಯಿತು. ಅಕ್ಟೋಬರ್ ೫ರಂದು ಸುರಂಗ ಒಡೆದು, ನದಿಯ ನೀರಿನಲ್ಲಿ ದೊಡ್ಡ ಸುಳಿ ಎದ್ದಿತು. ಊರ ಜನರೆಲ್ಲ ಓಡಿಬಂದು ಮರದ ದಿಮ್ಮಿ, ಕಲ್ಲು, ಮಣ್ಣು, ತೆಪ್ಪಗಳನ್ನು ಆ ಬಾಯಿಗೆ ತುಂಬಿದರು. ಸುಳಿಯು ಅವನ್ನೂ ನುಂಗಿತು. ಹೆನ್ನೆಪಿನ್ ದ್ವೀಪದ ಒಂದು ಭಾಗವೇ ಕುಸಿಯಿತು.

ಇಲ್ಲಿ ಪಣವಾಗಿದ್ದುದು ಒಂದು ಸುರಂಗ ಮಾತ್ರವಲ್ಲ. ಸುಣ್ಣಕಲ್ಲಿನ ಹಾಸು ಕುಸಿದಿದ್ದರೆ ಜಲಪಾತವು ಒರಟು ಪ್ರವಾಹವಾಗಿ ಹರಡಿಹೋಗುತ್ತಿತ್ತು. ನದಿಯಲ್ಲಿ ನೀರು ಅಷ್ಟೇ ಇರುತ್ತಿತ್ತು, ಒಟ್ಟು ಇಳಿತವೂ ಅಷ್ಟೇ ಇರುತ್ತಿತ್ತು. ಆದರೆ ಒಂದೇ ಸ್ಥಳದಲ್ಲಿ ಕೂಡಿದ್ದ ಇಳಿತ ಚದುರಿ, ಎರಡು ದಡಗಳ ಗಿರಣಿಗಳೂ ನಿಲ್ಲುತ್ತಿದ್ದವು. ಜಲಪಾತವು ಆ ಮೊದಲೇ ಬಡವಾಗಿತ್ತೆಂಬುದನ್ನೂ ಹೇಳಬೇಕು. ಮರದ ಗಿರಣಿಗಳ ದಿಮ್ಮಿಗಳು ಅಂಚನ್ನು ಗುದ್ದುತ್ತಿದ್ದವು. ಕಾಲುವೆಗಳಿಗೆ ನೀರು ತಿರುಗಿದುದರಿಂದ ಅಂಚಿನ ಕಲ್ಲು ಅಲ್ಲಲ್ಲಿ ಬರಿದಾಗಿ, ಚಳಿಗಾಲದಲ್ಲಿ ಅದರ ಬಿರುಕುಗಳೊಳಗಿನ ನೀರು ಹೆಪ್ಪುಗಟ್ಟುತ್ತಿತ್ತು. ಹೆಪ್ಪುಗಟ್ಟುವಾಗ ನೀರಿನ ಗಾತ್ರ ನೂರಕ್ಕೆ ೯ರಷ್ಟು ಹಿಗ್ಗುವುದರಿಂದ ಕಲ್ಲು ಸೀಳುತ್ತಿತ್ತು.

ಕಡೆಗೆ ಸೈನ್ಯದ ಎಂಜಿನಿಯರುಗಳು ೧೮೭೪ರಿಂದ ೧೮೭೬ರವರೆಗೆ ದುಡಿದು, ನದಿಯ ಅಡಿಯಲ್ಲಿ ದಡದಿಂದ ದಡಕ್ಕೆ, ಸುಮಾರು ೧,೮೫೦ ಅಡಿ ಉದ್ದ, ೪೦ ಅಡಿ ಆಳದ ಕಾಂಕ್ರೀಟ್ ಗೋಡೆಯನ್ನು ಕಟ್ಟಿದರು. ಸುಣ್ಣಕಲ್ಲಿನಡಿಯ ಮರಳುಗಲ್ಲಿನಲ್ಲಿ ನೀರು ಜಿನುಗದಂತೆ ತಡೆಯುವುದು ಇದರ ಕೆಲಸ. ಅಂಚಿನ ಸವೆತವನ್ನು ತಡೆಯಲು ಜಲಪಾತದ ಮುಖಕ್ಕೆ ಮರದ ಇಳಿಜಾರು ಹಾಸನ್ನು ಹೊದಿಸಿದರು. ೧೯೫೦ರ ದಶಕದಲ್ಲಿ ಅದರ ಸ್ಥಾನಕ್ಕೆ ಕಾಂಕ್ರೀಟು ಬಂದಿತು. ಸೇತುವೆಯ ಮೇಲಿನಿಂದ ಕಂಡ ಕವಚ ಅದೇ. ಹಿಂದಕ್ಕೆ ನಡೆಯುತ್ತಿದ್ದ ಜಲಪಾತ ಅಂದಿನಿಂದ ನಿಂತಲ್ಲಿಯೇ ನಿಂತಿದೆ. ವಿಂಚೆಲ್ ಅವರ ಗಡಿಯಾರವೂ ನಿಂತಿದೆ.

ಗಿರಣಿಗಳು ಪಾಳಾದುದೇಕೆ?

ಜಲಪಾತ ಉಳಿಯಿತು, ಗಿರಣಿಗಳು ಮಾತ್ರ ಉಳಿಯಲಿಲ್ಲ. ೧೮೮೨ರ ಸೆಪ್ಟೆಂಬರ್ ೫ರಂದು ಈ ಜಲಪಾತದ ನೀರಿನಿಂದ ವಿದ್ಯುತ್ತನ್ನು ಉತ್ಪಾದಿಸಿ ನಗರದಲ್ಲಿ ದೀಪಗಳನ್ನು ಉರಿಸಿದರು; ಅಮೆರಿಕದ ಮೊದಮೊದಲ ಜಲವಿದ್ಯುತ್ ಕೇಂದ್ರಗಳಲ್ಲಿ ಇದೂ ಒಂದು. ಹಲ್ಲಿನ ಗಾಲಿ, ಪಟ್ಟಿಗಳು ಶಕ್ತಿಯನ್ನು ಕೆಲವು ನೂರು ಅಡಿಗಳಾಚೆಗೆ ಒಯ್ಯಲಾರವು, ತಂತಿ ಒಯ್ಯಬಲ್ಲದು. ಕಾರ್ಖಾನೆಯು ನದಿಗೆ ಅಂಟಿಕೊಂಡು ನಿಲ್ಲಬೇಕಾದ ಅಗತ್ಯ ಕ್ರಮೇಣ ಇಲ್ಲವಾಯಿತು. ಹಿಟ್ಟಿನ ವ್ಯಾಪಾರವೂ ಬೇರೆ ಊರುಗಳಿಗೆ ಸರಿದು, ೧೯೩೦ರಲ್ಲಿ ಬಫಲೊ ನಗರ ಅಗ್ರಸ್ಥಾನಕ್ಕೆ ಬಂದಿತು. ಹೆನ್ನೆಪಿನ್ ದ್ವೀಪದಲ್ಲಿ ಜಲವಿದ್ಯುತ್ ಕೇಂದ್ರವೊಂದು ಇಂದಿಗೂ ನಡೆಯುತ್ತಿದೆ. ಅದರ ನೆರೆಯಲ್ಲಿ ವಿಶ್ವವಿದ್ಯಾನಿಲಯದ ಜಲಪ್ರಯೋಗಶಾಲೆಯಿದೆ. ೧೯೩೮ರಲ್ಲಿ ಸ್ಥಾಪಿತವಾದ ಇದು ಜಲಪಾತದ ನೀರನ್ನೇ ತನ್ನ ಕಾಲುವೆಗಳಿಗೆ ತಿರುಗಿಸಿಕೊಂಡು, ಪ್ರವಾಹ, ಸವೆತ, ಮರಳಿನ ಸಾಗಾಟಗಳನ್ನು ಅಧ್ಯಯನ ಮಾಡುತ್ತದೆ. ಸುರಂಗ ತೋಡುವ ಮೊದಲು ಕೇಳಬೇಕಾಗಿದ್ದ ಪ್ರಶ್ನೆಗಳು ಇವೇ.

ನಮ್ಮ ನಾಡಿನ ವಿದ್ಯಾರ್ಥಿಗಳಿಗೆ ಈ ಚರಿತ್ರೆ ದೂರದ್ದಲ್ಲ. ಘಟಪ್ರಭೆಯ ಗೋಕಾಕ ಜಲಪಾತದ ಬಳಿ ನೂಲಿನ ಗಿರಣಿ ೧೯ನೆಯ ಶತಮಾನದಲ್ಲಿಯೇ ನೆಲೆಗೊಂಡಿತು: ಇಳಿತವಿದ್ದಲ್ಲಿಗೆ ಕಾರ್ಖಾನೆ ಬಂದಿತು. ೧೯೦೨ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಸುಮಾರು ೧೪೭ ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ವಿದ್ಯುತ್ ಹರಿಯಿತು: ಕಾರ್ಖಾನೆಯಿದ್ದಲ್ಲಿಗೆ ಇಳಿತದ ಶಕ್ತಿಯೇ ಹೋಯಿತು.

ತಮ್ಮ ಊರಿನ ಹೊಳೆಯ ದಡದಲ್ಲಿ ನಡೆಯುವಾಗ ವಾಚಕರು ಒಂದು ಸಣ್ಣ ಅಳತೆಯನ್ನು ಮಾಡಿ ನೋಡಬಹುದು. ನೇರವಾಗಿ ಹರಿಯುವ ಒಂದು ಕಡೆಯನ್ನು ಆರಿಸಿ, ದಡದ ಮೇಲೆ ೧೦ ಮೀಟರ್ ಗುರುತಿಸಿ, ತೇಲುವ ಕಡ್ಡಿಯೊಂದು ಆ ದೂರವನ್ನು ಕ್ರಮಿಸುವ ಕಾಲವನ್ನು ಎಣಿಸಬೇಕು. ಕಡ್ಡಿಗೆ ೧೦ ಸೆಕೆಂಡು ಹಿಡಿಯಿತೆನ್ನೋಣ. ಮೇಲ್ಮೈ ವೇಗ ಸೆಕೆಂಡಿಗೆ ೧ ಮೀಟರ್. ತಳದ ನೀರು ನಿಧಾನವಾದುದರಿಂದ ಸರಾಸರಿ ವೇಗವನ್ನು ಇದರ ನೂರಕ್ಕೆ ೮೫ ಎಂದು ಹಿಡಿಯಬಹುದು. ಹೊಳೆಯ ಅಗಲ ೪ ಮೀಟರ್, ಸರಾಸರಿ ಆಳ ಅರ್ಧ ಮೀಟರ್ ಆದರೆ, ಸೆಕೆಂಡಿಗೆ ಹರಿಯುವ ನೀರು ೧.೭ ಘನ ಮೀಟರ್. ಹತ್ತಿರದಲ್ಲಿಯೇ ಅದು ೩ ಮೀಟರ್ ಧುಮುಕುತ್ತಿದ್ದರೆ, ೧,೭೦೦ ಕಿಲೋಗ್ರಾಂ, ೯.೮ ಮತ್ತು ೩ ಇವುಗಳ ಗುಣಲಬ್ಧ ಸುಮಾರು ೫೦,೦೦೦ ವ್ಯಾಟ್, ಎಂದರೆ ೫೦ ಕಿಲೋವ್ಯಾಟ್. ಈ ಉತ್ತರವನ್ನು ಬರೆದ ಮೇಲೆ ಅದರ ಕೆಳಗೆ ಇನ್ನೂ ಒಂದು ಸಾಲಿಗೆ ಸ್ಥಳ ಬಿಡಬೇಕು: ಆ ೩ ಮೀಟರ್ ಇಳಿತವನ್ನು ಹೊತ್ತು ನಿಂತಿರುವ ಕಲ್ಲು ಯಾವುದು, ಅದರ ಅಡಿಯಲ್ಲಿ ಏನಿದೆ?